ತದಿಗೆ ದಾಟದ ಕಂಪ್ಯೂಟರ್

ಬೆಳಕು ಹರಿಯುವ ಮುಂಚೆ ಉಷಾರಾಣಿ ಮಾಡಬೇಕಾದ ಕೆಲಸಗಳು ಇವು. ಹಿತ್ತಲ ಬಾಗಿಲು ತೆಗೆದು ಬಚ್ಚಲ ಹಂಡೆಗೆ ನೀರು ತುಂಬುವುದು. ಹಂಡೆಯ ಒಲೆಗೆ ಬೆಂಕಿ ಹಾಕುವುದು. ಸೌದೆಯೆಂದರೆ ಗಂಡ ರಾಜೇಶ ಕಾರ್ಖಾನೆಯಿಂದ ತರುವ ಒಡೆದ ಪ್ಯಾಕಿಂಗ್ ಪೆಟ್ಟಿಗೆಗಳು. ಜೋಪಾನವಾಗಿ ಎತ್ತಿಡಿ ಎಂದು ಅವುಗಳ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಮೊಳೆ ಕಿತ್ತು ಒಲೆಗೆ ಹಾಕಬೇಕು. ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆಯುವುದು. ಹಾಲಿನ ಪ್ಯಾಕೆಟ್ಟನ್ನು ಬೆಕ್ಕಿಗಿಂತ ಮುಂಚೆ ಎತ್ತಿಕೊಳ್ಳುವುದು. ಅತ್ತೆಗೆ ಸಕ್ಕರೆಯಿಲ್ಲದ ಕಾಫಿ, ಮಾವನಿಗೆ ಬೆಲ್ಲದ ಕಾಫಿ, ಮಗಳಿಗೆ ಕಾಫಿಯಂತೆ ಕಾಣುವ ಹಾಲು. ರಾತ್ರಿ ಉಕ್ಕಿ ಚೆಲ್ಲಿದ ಇಡ್ಲಿ ಹಿಟ್ಟನ್ನು ಕಟ್ಟೆಯಿಂದ ಒರೆಸುವುದು. ಮಗಳ ಯೂನಿಫಾರ್ಮಿಗೆ ಇಸ್ತ್ರಿ. ದೇವರ ಸಾಮಾನು ತೊಳೆದು ಹೂವಿಡುವುದು. ಕೊನೆಗೆ, ನಡುಮನೆಯ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ತೆಗೆದು ಕೊಡವಿ, ಮೇಜು ಒರೆಸಿ, ಸ್ವಿಚ್ಚು ಹಾಕುವುದು.

ಈ ಕೊನೆಯ ಕೆಲಸ ಸೇರಿಕೊಂಡದ್ದು ಕಳೆದ ಆಷಾಢದಿಂದ. ಎರಡು ಸಾವಿರದ ಆರನೇ ಇಸವಿಯ ಆ ಆಷಾಢದಲ್ಲಿ ಹೊಸೂರಿನ ಅಂಗಡಿಯೊಂದು ಕಂಪ್ಯೂಟರುಗಳ ಬೆಲೆ ಇಳಿಸಿತ್ತು. ಆಷಾಢದಲ್ಲಿ ಯಾರೂ ಹೊಸ ವಸ್ತು ಕೊಳ್ಳುವುದಿಲ್ಲ ಎಂದೇ ಇಳಿಸಿದ್ದು. ಉಷಾರಾಣಿಯ ಮಾವ ಚನ್ನಕೇಶವಯ್ಯನವರಿಗೆ ಇಳಿದ ಬೆಲೆಯೂ ಬೇಕು, ಆಷಾಢವೂ ಬೇಡ. ಅಂಗಡಿಯವನು ಚುರುಕಾಗಿದ್ದ. ಪರದೆಯ ಮೂಲೆಯಲ್ಲಿ ಕಾಣುವ ಗಡಿಯಾರವನ್ನು ಎರಡು ಸಲ ಒತ್ತಿ, ತಾರೀಕನ್ನು ಏಪ್ರಿಲ್ ಮೂವತ್ತಕ್ಕೆ ತಿರುಗಿಸಿ, “ಪಾರುಂಗೊ ಐಯ್ಯಾ, ನೋಡ್ಕೊಳ್ಳಿ, ಇವತ್ತು ಅಕ್ಷಯ ತದಿಗೆ. ಇನ್ನೇನು ಬೇಕು?” ಎಂದ.

ಚನ್ನಕೇಶವಯ್ಯನವರು ಮನೆಗೆ ತಂದದ್ದು ಅಕ್ಷಯ ತದಿಗೆಯ ದಿನ ಹುಟ್ಟಿದ ಕಂಪ್ಯೂಟರನ್ನು. ಮರುದಿನ ಅದು ಮೇ ಒಂದು ಎಂದು ತೋರಿಸಿದಾಗ ಅವರಿಗೆ ಗಾಬರಿಯಾಯಿತು. ಒಂದೊಂದೇ ದಿನ ಹೀಗೆ ಮುಂದಕ್ಕೆ ಹೋದರೆ ಕಂಪ್ಯೂಟರೂ ಒಂದು ದಿನ ಆಷಾಢಕ್ಕೆ ಬಂದು ಬೀಳುತ್ತದಲ್ಲ. ಅಂಗಡಿಯವನು ಮಾಡಿದಂತೆಯೇ ಗಡಿಯಾರವನ್ನು ಒತ್ತಿ ಮತ್ತೆ ತದಿಗೆಗೆ ತಂದು ನಿಲ್ಲಿಸಿದರು. ಅಂದಿನಿಂದ ಅದು ವ್ರತವಾಯಿತು. ಬೆಳಗಿನ ಜಾವ ಬಿಸಿನೀರಿನ ಸ್ನಾನ ಮುಗಿಸಿ, ನಾಮ ಎಳೆದುಕೊಂಡು, ಒದ್ದೆ ಕೂದಲಲ್ಲೇ ಬಂದು ಕೂತು, ಮೇ ಒಂದನ್ನು ಏಪ್ರಿಲ್ ಮೂವತ್ತು ಮಾಡುತ್ತಿದ್ದರು. ಮನೆಯಲ್ಲಿ ಇದಕ್ಕೆ ‘ತದಿಗೆ ಹಾಕುವುದು’ ಎಂದು ಹೆಸರು ಬಿತ್ತು. ಸೂರ್ಯ ಹುಟ್ಟುವಾಗ ಯಾವ ತಿಥಿಯಿರುತ್ತದೋ ದಿನವೆಲ್ಲ ಅದೇ ತಿಥಿ. ಆದ್ದರಿಂದ ಸೂರ್ಯೋದಯಕ್ಕೆ ಮುಂಚೆಯೇ ಹಾಕಬೇಕು. ಸ್ನಾನವಿಲ್ಲದೆ ಮುಟ್ಟುವಂತಿಲ್ಲ. ತಣ್ಣೀರು ಅವರಿಗೆ ಆಗದು. ಮಾಲೂರಿನ ಕಡೆ ಹುಡುಗನಾಗಿದ್ದಾಗ ಸನ್ನಿ ಜ್ವರ ಬಂದು ಬದುಕಿದ ಮೇಲೆ ಬೇಸಿಗೆಯಲ್ಲೂ ಅವರು ತಣ್ಣೀರನ್ನು ಮೈಗೆ ಸೋಕಿಸಿದವರಲ್ಲ.

ತದಿಗೆ ಫಲ ಕೊಟ್ಟಿತೆಂದು ಅವರು ನಂಬಿದ್ದರು. ರಾಜೇಶನ ಕೆಲಸ ಕಾಯಂ ಆಯಿತು. ಮೊಮ್ಮಗಳು ಸಹನಾಳಿಗೆ ಇಂಗ್ಲಿಷ್ ಶಾಲೆಯಲ್ಲಿ ಸೀಟು ಸಿಕ್ಕಿತು. ಬಾವಿಯ ಮೋಟಾರು ಸುಟ್ಟದ್ದೂ ಅದೇ ಸಮಯದಲ್ಲಿ, ಆದರೆ ಮೋಟಾರು ಕೊಂಡದ್ದು ಬೇರೆ ದಿನ.

ಇದರಲ್ಲಿ ಎಲ್ಲರಿಗೂ ವಿಚಿತ್ರವೆನಿಸಬೇಕಾದ ಸಂಗತಿ ಇನ್ನೊಂದಿತ್ತು, ಯಾರಿಗೂ ಎನಿಸುತ್ತಿರಲಿಲ್ಲ. ಚನ್ನಕೇಶವಯ್ಯನವರು ನಿವೃತ್ತರಾಗುವವರೆಗೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವರು. ಗೇಟಿನ ಗಡಿಯಾರದಲ್ಲಿ ಒಂದು ನಿಮಿಷ ತಡವಾದವನಿಗೆ ಅರ್ಧ ದಿನ ಕತ್ತರಿಸಿದ ಮಹಾನುಭಾವರು.

ಉಷಾರಾಣಿ ಹುಟ್ಟಿ ಬೆಳೆದದ್ದು ಹೊಸೂರಿನ ಹತ್ತಿರದ ಬೇರಿಕೆಯಲ್ಲಿ. ತಂದೆ ಲಕ್ಷ್ಮಣಪ್ಪನವರದು ಕೋಸು, ಟೊಮ್ಯಾಟೊ ಬೆಳೆಯುವ ಮನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪಕ್ಕದ ಹೊಲದವರೊಡನೆ ತೆಲುಗು. ಕೃಷ್ಣಗಿರಿಯ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದಳು. ಅಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ತೋರಿಸಿದ ಬಿಲ್ಡ್ ಟೂಲ್ ಎಂಬ ಸಾಧನವನ್ನು ಅವಳು ಇವತ್ತಿಗೂ ಮರೆತಿಲ್ಲ. ಪ್ರೋಗ್ರಾಮಿನ ಬಿಡಿ ಬಿಡಿ ತುಂಡುಗಳನ್ನು ಬೇಯಿಸಿ ಒಂದು ಮಾಡುವ ಸಾಧನ ಅದು. ಇಡ್ಲಿಗೆ ಹಿಟ್ಟು ಬೇಕು, ಹಿಟ್ಟಿಗೆ ನೆನೆದ ಅಕ್ಕಿ ಬೇಕು ಎಂದು ಬರೆದುಕೊಟ್ಟರೆ ಸಾಕು, ಕ್ರಮವಾಗಿ ತಾನೇ ಮಾಡಿಕೊಂಡು ಹೋಗುತ್ತದೆ. ಮಾಡುವ ಮುಂಚೆ ಒಂದೊಂದರ ಹೊತ್ತು ನೋಡುತ್ತದೆ. ಅಕ್ಕಿಯ ಆಮೇಲೆ ಹಿಟ್ಟು ರುಬ್ಬಿದ್ದಾಗಿದ್ದರೆ ಮತ್ತೆ ರುಬ್ಬುವುದಿಲ್ಲ. ಮೇಷ್ಟ್ರು ಅದೇ ಆಜ್ಞೆಯನ್ನು ಎರಡನೇ ಸಲ ಒತ್ತಿದಾಗ ಅದು, ಎಲ್ಲ ಆಗಿದೆ, ಮಾಡುವುದೇನೂ ಉಳಿದಿಲ್ಲ ಎಂದು ಬರೆದು ಸುಮ್ಮನಾಯಿತು. ಉಷಾರಾಣಿಗೆ ನಗು ತಡೆಯಲಾಗಲಿಲ್ಲ. ಮಾಡುವುದೇನೂ ಉಳಿದಿಲ್ಲ ಎಂದು ಬಾಯಿಬಿಟ್ಟು ಹೇಳಿ ಕೈಕಟ್ಟಿ ಕೂತ ಯಾರನ್ನೂ ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳ ತಾಯಿ ಕೋಸಿನ ಮೂಟೆಯ ಪಕ್ಕದಲ್ಲಿ ನಿದ್ದೆ ಹೋಗುವಾಗಲೂ ಕೈ ಏನನ್ನಾದರೂ ಸೋಸುತ್ತಿತ್ತು.

ಮದುವೆ ಆಯಿತು, ಮಗು ಆಯಿತು. ಕಂಪ್ಯೂಟರು ಬಂದಾಗ ಅವಳಿಗಾಗಿಯೇ ಬಂತೆಂದು ಎಲ್ಲರೂ ಹೇಳಿದರು. ಬಟ್ಟೆ ಒಗೆಯುವ ಕಲ್ಲೂ ಅವಳಿಗಾಗಿಯೇ ಬಂದದ್ದೆಂದು ಹೇಳುತ್ತಿದ್ದರು.

ಕಾರ್ತಿಕದ ಚಳಿ ಬಿದ್ದ ಒಂದು ಶುಕ್ರವಾರ ಅವಳು ತರಕಾರಿಗೆಂದು ಹೊರಟು ಶಶಿಕಲಾ ಎಂಬಾಕೆಯ ಸಣ್ಣ ಕಾರ್ಖಾನೆಗೆ ಹೋದಳು. ಶಶಿಕಲಾ ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುವವಳು. ಕೆಲಮಂಗಲದ ಗುಲಾಬಿ ಮಂಡಿಯಿಂದ ತಳಿ ಊರಿನ ರಾಗಿ ಮಂಡಿಯವರೆಗೆ ಅವಳ ತಕ್ಕಡಿಗಳೇ. ತಕ್ಕಡಿಯೊಳಗಿನ ಪ್ರೋಗ್ರಾಮು ನೋಡಿಕೊಳ್ಳಲು ಒಬ್ಬರು ಬೇಕೆಂದು ಗೇಟಿಗೆ ಬೋರ್ಡು ಹಾಕಿದ್ದಳು.

“ಸರ್ಟಿಫಿಕೇಟ್ ಎಲ್ಲಾ ಒಳಗಿಡಮ್ಮ,” ಎಂದಳು ಶಶಿಕಲಾ. “ಬಂದವರೆಲ್ಲಾ ಸರ್ಟಿಫಿಕೇಟ್ ತೋರಿಸ್ತಾರೆ, ಆಮೇಲೆ ಟೂಲ್ ಇನ್‌ಸ್ಟಾಲ್ ಮಾಡೋಕೆ ಬರಲ್ಲ. ಈ ಸೀಡೀಲಿ ಟೂಲೂ ಇದೆ, ನನ್ನ ಪ್ರೋಗ್ರಾಮೂ ಇದೆ. ಟೂಲನ್ನ ನಿನ್ನ ಮನೇಲಿ ಕಟ್ಟಿ, ಅದರಲ್ಲಿ ಪ್ರೋಗ್ರಾಮ್ ಕಟ್ಟಿ, ಸೋಮವಾರ ಬೆಳಿಗ್ಗೆ ತಗೊಂಡ್ಬಾ. ತಕ್ಕಡಿಗೆ ಹಾಕಿ ನೋಡ್ತೀನಿ. ತೂಕ ಸರಿಯಾಗಿ ನಿಂತರೆ ಆ ಕುರ್ಚಿ ನಿಂದು. ಮಂಗಳವಾರ ಇನ್ನೊಬ್ಬ ಬರ್ತಾನೆ, ಆಮೇಲೆ ನನ್ನ ಬೈಬೇಡ.”

ಆ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಅದರ ಸುತ್ತಮುತ್ತ ಎಲ್ಲೂ ಒಲೆ ಇರಲಿಲ್ಲ. ಉಷಾರಾಣಿ ಬದನೆಕಾಯಿ ಕೊಳ್ಳುವುದನ್ನು ಮರೆತು ಮನೆಗೆ ಬಂದಳು.

ಶನಿವಾರ ಊಟದ ಪಾತ್ರೆ ಮುಗಿಸಿ ಸೀಡಿ ಹಾಕಿದಳು. ಟೂಲನ್ನು ಕಟ್ಟುವುದೆಂದರೆ ಅದರ ಕಚ್ಚಾ ಸಾಮಾನನ್ನು ಬಿಚ್ಚಿ, ಈ ಮನೆಯಲ್ಲಿ ಏನೇನಿದೆ ಎಂದು ಮೊದಲು ಪರೀಕ್ಷೆ ಮಾಡಿಸಬೇಕು. ಪರೀಕ್ಷೆ ಎರಡನೆಯ ಸಾಲಿಗೇ ನಿಂತಿತು. ‘ಈ ಪರಿಸರ ಬುದ್ಧಿಸ್ಥಿಮಿತದಲ್ಲಿದೆಯೇ ನೋಡುತ್ತಿದ್ದೇನೆ’ ಎಂಬ ಅರ್ಥದ ಒಂದು ಸಾಲು ಬಂತು. ಅದರ ಕೆಳಗೇ ಉತ್ತರ: ‘ಈಗ ಮಾಡಿದ ಫೈಲು, ಮೊದಲೇ ಬಂದ ಫೈಲುಗಳಿಗಿಂತ ಹಳೆಯದು. ನಿಮ್ಮ ಗಡಿಯಾರ ನೋಡಿಕೊಳ್ಳಿ.’

ಉಷಾರಾಣಿ ಪರದೆಯ ಮೂಲೆ ನೋಡಿದಳು. ಏಪ್ರಿಲ್ ಮೂವತ್ತು. ಸೀಡಿಯ ಫೈಲುಗಳೆಲ್ಲ ಸೆಪ್ಟೆಂಬರಿನವು. ಆ ಕಂಪ್ಯೂಟರಿನ ಲೆಕ್ಕದಲ್ಲಿ ಅವು ಇನ್ನೂ ಹುಟ್ಟಿರಲಿಲ್ಲ.

ಗಡಿಯಾರವನ್ನು ಇವತ್ತಿಗೆ ತಿರುಗಿಸಿದರೆ ಮುಗಿಯಿತು. ಮೂರು ಸಲ ಒತ್ತುವ ಕೆಲಸ. ಆದರೆ ಮೂರು ಸಲ ಒತ್ತುವ ದೂರದಲ್ಲಿ ಮಾವ ಆರಾಮ ಕುರ್ಚಿಯಲ್ಲಿ ಕೂತು ದಿನಪತ್ರಿಕೆ ಓದುತ್ತಿದ್ದರು. ಜನ ದೇವರ ದೀಪ ಉರಿಯುತ್ತಿದೆಯೇ ಎಂದು ಆಗಾಗ ಕಣ್ಣೆತ್ತಿ ನೋಡುತ್ತಾರಲ್ಲ, ಅವರು ಆ ಮೂಲೆಯ ತಾರೀಕನ್ನು ಹಾಗೆ ನೋಡುತ್ತಿದ್ದರು.

“ಮಾವ, ಎರಡು ದಿನದ ಮಟ್ಟಿಗೆ ಡೇಟು ಇವತ್ತಿಂದು ಹಾಕ್ಕೊಳ್ಲಾ? ಸೋಮವಾರ ಮತ್ತೆ ತದಿಗೆಗೆ ತಂದ್ಬುಡ್ತೀನಿ.”

ಚನ್ನಕೇಶವಯ್ಯ ಕನ್ನಡಕ ತೆಗೆದರು. “ಯಾಕವ್ವ, ತದಿಗೆ ನಿಂಗೇನು ಮಾಡ್ತು?”

“ಅದಕ್ಕೆ ಹೊತ್ತು ಸರಿಯಾಗಿರ್ಬೇಕಂತೆ.”

“ಹೊತ್ತಿನ ಇಸ್ಯ ನಂಗೆ ಏಳ್ಬ್ಯಾಡ. ಟೈಮ್ ಆಫೀಸಲ್ಲಿ ತಲೆ ಬೆಳ್ಳಗೆ ಮಾಡ್ಕೊಂಡೋನು ನಾನು.” ಅವರಿಗೆ ಸಿಟ್ಟು ಬಂದಿರಲಿಲ್ಲ. ಸೊಸೆಗೆ ತಿಳಿಸಿ ಹೇಳಬೇಕೆಂಬ ನಿಜವಾದ ಕಾಳಜಿಯಿತ್ತು. “ನೋಡು ಮಗಾ, ಆ ಮಿಷನ್ನು ಹುಟ್ಟಿದಾಗ್ನಿಂದ ತದಿಗೆ ಬಿಟ್ಟು ಬ್ಯಾರೆ ದಿನ ನೋಡಿಲ್ಲ. ಈಗ ಒಂದೇ ಏಟಿಗೆ ಕಾರ್ತೀಕಕ್ಕೆ ತಂದೆ ಅಂದ್ಕೋ. ನಡುವಿರೋ ಅಮಾಸೆ, ಗ್ರಹಣ, ಪಿತೃಪಕ್ಷ ಎಲ್ಲಾ ಒಟ್ಟಿಗೆ ಹಾಯ್ಕೊಂಡು ಹೋಗ್ತವೆ. ಎಲ್ಲಿ ಹಾಯ್ತವೆ? ಈ ನಡುಮನೇಲಿ. ಮಗು ಇರೋ ಮನೆ.”

“ಅದೆಲ್ಲಾ ನಮ್ಮ ಮೇಲೆ ಆಗ್ಲೇ ಹಾದು ಹೋಗಿದೆಯಲ್ಲ ಮಾವ.”

“ನಮ್ಮ ಮೇಲೆ ಒಂದೊಂದೇ ಹೋಯ್ತು. ತಡ್ಕೊಂಡೋ.”

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದ ಅತ್ತೆ ಚಿಕ್ಕತಾಯಮ್ಮ ನಡುವೆ ಬಾಯಿ ಹಾಕಿದಳು. “ಸೀಡಿ ಕೊಟ್ಟೋಳ್ಗೇ ಏಳಮ್ಮಿ, ತದಿಗೆಗೆ ಮುಂಚಿಂದು ಕೊಡು ಅಂತ. ಅಂಗಡೀಲಿ ಹಳೇ ಅಕ್ಕಿ ಕೇಳಿದ್ರೆ ಕೊಡಾಕಿಲ್ವಾ?”

ಮಧ್ಯಾಹ್ನದ ಶಿಫ್ಟಿಗೆ ಹೊರಟಿದ್ದ ರಾಜೇಶ ಬೂಟಿನ ಲೇಸು ಕಟ್ಟುತ್ತ, “ಅಪ್ಪನ್ನ ಯಾಕೆ ಎದುರು ಹಾಕ್ಕೊಂತೀಯ? ಬೇರೆ ದಾರಿ ಇರ್ತದೆ. ಮುಂದಿನ ವಾರ ಮಾಡಿದ್ರಾಗಲ್ವಾ?” ಎಂದ. ಆ ಮನೆಯಲ್ಲಿ ಮುಂದಿನ ವಾರ ಮಾಡಬಹುದಾದ ಉಷಾರಾಣಿಯ ಕೆಲಸ ಇದೊಂದೇ. ಉಳಿದವೆಲ್ಲ ಈಗಲೇ ಆಗಬೇಕಾದವು, ಕೆಲವು ನಿನ್ನೆಯೇ ಆಗಬೇಕಾಗಿದ್ದವು. ಅವನು ಕೆಟ್ಟವನಲ್ಲ. ಇಬ್ಬರ ನಡುವೆ ನ್ಯಾಯ ಹೇಳಬೇಕಾದಾಗ ಬೂಟು ಹಾಕಿಕೊಳ್ಳುವ ಅಭ್ಯಾಸವಿತ್ತು, ಅಷ್ಟೆ. ಹೋಗುವ ಮುಂಚೆ ಒಂದು ಉಪಕಾರ ಮಾಡಿದ: ಕಾರ್ಖಾನೆಯ ಮೇಂಟೆನೆನ್ಸಿನ ತಿಮ್ಮರಾಜುವಿಗೆ ಫೋನು ಹಾಕಿ, ಸಂಜೆ ಬಂದು ನೋಡೆಂದ.

ತಿಮ್ಮರಾಜು ಸ್ಕ್ರೂಡ್ರೈವರಿನ ಸೆಟ್ಟು, ಒಂದು ಪೇಂಟ್ ಬ್ರಷ್ಷು ತಂದಿದ್ದ. ಪರದೆಯ ಮೇಲಿದ್ದ ಸಾಲನ್ನು ಓದಲಿಲ್ಲ. ಮೊದಲು ಕಂಪ್ಯೂಟರಿನ ಬೆನ್ನು ಬಿಚ್ಚಿ ಧೂಳು ಊದಿದ; ಧೂಳು ಇಡ್ಲಿ ಹಿಟ್ಟಿನ ಕಡೆಗೆ ಹೋಯಿತು. ಒಳಗಿನ ಒಂದು ಪಟ್ಟಿಯನ್ನು ಕಿತ್ತು ಸಹನಾಳ ರಬ್ಬರು ಇಸಿದುಕೊಂಡು ಉಜ್ಜಿದ. ಮತ್ತೆ ಕೂರಿಸಿ ಆನ್ ಮಾಡಿದ. ಅದೇ ಸಾಲು. ಕಾಫಿ ಕುಡಿದ. ಮೇಜನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದ. ಅದೇ ಸಾಲು. ಉಷಾರಾಣಿ ಕರಿದು ತಂದ ಈರುಳ್ಳಿ ಬೋಂಡಾ ತಿಂದ. ಎರಡನೆಯ ತಟ್ಟೆಯ ಹೊತ್ತಿಗೆ ರೋಗವನ್ನು ಕಂಡುಹಿಡಿದ: ಕರೆಂಟಿನಲ್ಲಿ ಜೀವ ಇಲ್ಲ.

“ಗಡಿಯಾರ ನೋಡು ಅಂತ ಬರ್ದಿದೆಯಲ್ಲಣ್ಣ,” ಎಂದಳು ಉಷಾರಾಣಿ.

ತಿಮ್ಮರಾಜು ಮೂಲೆಯ ತಾರೀಕು ನೋಡಿದ. ಆಮೇಲೆ ಆರಾಮ ಕುರ್ಚಿಯನ್ನು ನೋಡಿದ. “ಡೇಟಿಗೂ ಇದಕ್ಕೂ ಸಂಬಂಧವೇ ಇಲ್ಲ ಕಣಮ್ಮ,” ಎಂದು ಕುರ್ಚಿಗೆ ಕೇಳುವಂತೆ ಹೇಳಿದ.

ಕೈತೊಳೆಯಲು ನೀರು ಹಾಕಲು ಅವಳು ಹಿತ್ತಲಿಗೆ ಹೋದಾಗ ದನಿ ತಗ್ಗಿಸಿದ. “ಡೇಟೇ ಕಣಮ್ಮ. ಆದ್ರೆ ಯಜಮಾನ್ರ ಮುಂದೆ ಯಾರು ಏಳ್ತಾರೆ? ಮದುವೆಯಾದ ಹೊಸದ್ರಲ್ಲಿ ನಾನು ಲೇಟಾಗಿ ಬಂದಿದ್ನೆಲ್ಲಾ ಅವ್ರೇ ಯಾರ್ಗೂ ಗೊತ್ತಾಗ್ದಂಗೆ ಕಾರ್ಡಲ್ಲಿ ಸರಿ ಮಾಡ್ಕೊಟ್ಟಿದ್ದು.” ಹಾಗೆಂದವನು ಒಳಗೆ ಹೋಗಿ ಹೊರಡುವಾಗ ಚನ್ನಕೇಶವಯ್ಯನವರನ್ನು ವಿನಯದಿಂದ ಕೇಳಿದ: “ಸಾರ್, ತದಿಗೆ ಹಾಕೋದು ಎಂಗೆ ಅಂತ ಒಂಚೂರು ತೋರಿಸ್ತೀರಾ? ನಮ್ಮನೇಲೂ ಮಗಂದು ಒಂದು ಕಂಪ್ಯೂಟರದೆ.” ಅವರು ಬೆರಳು ತೋರಿಸಿ ಹೇಳಿಕೊಟ್ಟರು. ಅವನು ಬೋಂಡಾದ ಕಾಗದದ ಮೇಲೆ ಬರೆದುಕೊಂಡ. ಉಷಾರಾಣಿ ಬಾಣಲೆ ಉಜ್ಜಿದಳು.

ಉಜ್ಜುವಾಗ ಅವಳಿಗೆ ಅತ್ತೆಯ ಮಾತು ನೆನಪಾಯಿತು. ಆ ದಿನ ಆ ಮನೆಯಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತೆಂದರೆ ಅದೊಂದೇ. ಹಳೇ ಅಕ್ಕಿ ಸಿಗದಿದ್ದರೆ ಹೊಸ ಅಕ್ಕಿಯನ್ನೇ ಹಳತು ಮಾಡಬಹುದು. ಫೈಲುಗಳ ಮೈ ಮುಟ್ಟಿ ಅವುಗಳ ತಾರೀಕನ್ನು ಬದಲಿಸುವ ಒಂದು ಆಜ್ಞೆಯಿದೆ. ಒಳಗಿನ ಅಕ್ಷರ ಒಂದೂ ಕದಲುವುದಿಲ್ಲ, ಹುಟ್ಟಿದ ಹೊತ್ತು ಮಾತ್ರ ಬೇರೆಯಾಗುತ್ತದೆ. ಕೈ ಒರೆಸಿಕೊಂಡು ಬಂದು, ಸೀಡಿಯಿಂದ ಬಂದ ಫೈಲುಗಳನ್ನೆಲ್ಲ ಅಕ್ಷಯ ತದಿಗೆಗೆ ಹುಟ್ಟಿಸಿದಳು. ಪರೀಕ್ಷೆ ಎರಡನೆಯ ಸಾಲು ದಾಟಿತು, ಮೂರನೆಯದು ದಾಟಿತು. ಪರಿಸರ ಬುದ್ಧಿಸ್ಥಿಮಿತದಲ್ಲಿದೆಯೆಂದು ಯಂತ್ರ ಒಪ್ಪಿತು. ಟೂಲು ತನ್ನನ್ನು ತಾನೇ ಕಟ್ಟಿಕೊಳ್ಳತೊಡಗಿತು. ಪರದೆಯ ಮೇಲೆ ಸಾಲುಗಳು ಹರಿಯುವುದನ್ನು ನೋಡುತ್ತ ಅವಳು ಅವರೆಕಾಯಿ ಸುಲಿದಳು.

ಅಗ್ಗಕ್ಕೆ ಬಂದ ಕಂಪ್ಯೂಟರು, ನಿಧಾನ. ಎಂಟು ಗಂಟೆಗೆ ಮಾವ ಎಂದಿನಂತೆ ಅದನ್ನು ಆರಿಸಿ, ಬಟ್ಟೆ ಹೊದಿಸಿ ಮಲಗಿಸಿದರು. ಪರವಾಗಿಲ್ಲ ಎಂದುಕೊಂಡಳು, ಆದದ್ದು ಆಗಿದೆ, ನಾಳೆ ಅಲ್ಲಿಂದ ಮುಂದುವರಿಯುತ್ತದೆ. ಆ ಟೂಲಿನ ಗುಣವೇ ಅದು.

ಭಾನುವಾರ ಬೆಳಗಿನ ಜಾವ ಮಾವ ತದಿಗೆ ಹಾಕಿದರು. ಹತ್ತು ಗಂಟೆಗೆ ಒಂದು ಗಳಿಗೆ ಬಿಡುವು ಮಾಡಿಕೊಂಡು ಉಷಾರಾಣಿ ಆಜ್ಞೆ ಒತ್ತಿದಳು. ಯಂತ್ರ ಹಿಂದಿನ ಸಂಜೆ ತಾನೇ ಮಾಡಿದ ಫೈಲುಗಳನ್ನು ನೋಡಿತು. ಅವು ಏಪ್ರಿಲ್ ಮೂವತ್ತರ ಸಂಜೆಯವು; ಈಗ ಏಪ್ರಿಲ್ ಮೂವತ್ತರ ಬೆಳಿಗ್ಗೆ. ಈ ಫೈಲುಗಳು ಮುಂದೆಂದೋ ಆಗುವಂಥವು, ಹೊತ್ತು ನಂಬುವಂತಿಲ್ಲ ಎಂದು ಬರೆದು, ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಮೊದಲಿನಿಂದ ಶುರು ಮಾಡಿತು.

ಅವಳಿಗೆ ಅಳು ಬರಬೇಕಾಗಿತ್ತು. ಬಂದದ್ದು ಒಂದು ಬಗೆಯ ಪರಿಚಯದ ಭಾವ. ದಿನವೂ ಬೆಳಗಾದರೆ ನಿನ್ನೆ ಉಜ್ಜಿದ ಪಾತ್ರೆ ಉಜ್ಜಿಲ್ಲ, ನಿನ್ನೆ ಗುಡಿಸಿದ ಮನೆ ಗುಡಿಸಿಲ್ಲ. ಅಕ್ಷಯ ತದಿಗೆಯ ದಿನ ಶುರು ಮಾಡಿದ ಕೆಲಸ ಎಂದಿಗೂ ತೀರುವುದಿಲ್ಲ ಎಂದು ಶಾಸ್ತ್ರ ಹೇಳುತ್ತದೆ. ಅದನ್ನು ಎಲ್ಲರೂ ವರವೆಂದೇ ತಿಳಿದಿದ್ದಾರೆ.

ಆ ದಿನ ನಾದಿನಿಯ ಮನೆಯವರು ಊಟಕ್ಕೆ ಬಂದಿದ್ದರು. ಅವರ ಎಲೆ ಎತ್ತುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ನಡುವೆ ನಾದಿನಿಯ ಗಂಡ ಇಸ್ಪೀಟಾಡಲು ಕಂಪ್ಯೂಟರಿನಲ್ಲಿ ಕೂತು, ಅಡ್ಡ ಬರುತ್ತಿದೆಯೆಂದು ಸಾಲುಗಳು ಹರಿಯುತ್ತಿದ್ದ ಕಿಟಕಿಯನ್ನು ಮುಚ್ಚಿಬಿಟ್ಟಿದ್ದ. ಮತ್ತೆ ಶುರು ಮಾಡಿದಳು. ದೀಪ ಹಚ್ಚುವ ಹೊತ್ತಿಗೆ ಟೂಲು ಪೂರ್ತಿಯಾಗಿ ಎದ್ದು ನಿಂತಿತು. ಇನ್ನು ಉಳಿದದ್ದು ತಕ್ಕಡಿಯ ಪ್ರೋಗ್ರಾಮು. ಅದನ್ನು ಒತ್ತಿದಾಗ ಪರದೆಯ ಮೇಲೆ ಬಂದ ಅಂದಾಜು ನೋಡಿ ಲೆಕ್ಕ ಹಾಕಿದಳು. ರಾತ್ರಿಯೆಲ್ಲ ಓಡಿದರೆ ಬೆಳಿಗ್ಗೆ ಏಳರ ಹೊತ್ತಿಗೆ ಮುಗಿಯುತ್ತದೆ.

ಎಂಟು ಗಂಟೆಗೆ ಮಾವ ಬಟ್ಟೆ ಹಿಡಿದು ಬಂದರು.

“ಮಾವ, ಇವತ್ತೊಂದು ರಾತ್ರಿ ಆರಿಸ್ಬೇಡಿ.”

“ಓಡ್ಲಿ ಬಿಡು. ನಿದ್ದೆ ಕೆಟ್ರೆ ಅದಕ್ಕೆ ತಾನೆ.” ಮಡಿಸಿದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡರು. “ನೀನು ಮೇಲಕ್ಕೆ ಬರ್ಬೇಕು ಅಂತ ನಂಗೂ ಆಸೆ ಅದೆ ಮಗಾ. ಅದಕ್ಕೇ ಅಲ್ವಾ ದಿನಾ ತದಿಗೆ ಹಾಕೋದು?”

“ನಾಳೆ ಒಂದಿನ ಏಳು ಗಂಟೆ ಮೇಲೆ ಹಾಕಿ. ನಡುವೆ ಹಾಕಿದ್ರೆ ಎಲ್ಲಾ ಮೊದ್ಲಿಂದ ಶುರುವಾಗ್ತದೆ.”

“ಏಳು ಗಂಟೆಗೆ ಸೂರ್ಯ ಎಲ್ಲಿರ್ತಾನೆ?”

ಅವಳು ಕಿಟಕಿಯ ಕಡೆ ನೋಡಿದಳು.

“ಹುಟ್ಟಿ ಆಗಿರ್ತದೆ. ಅಲ್ಲಿಗೆ ಚೌತಿ ಬಂದಂಗೆ. ಆಮೇಲೆ ಹಾಕಿದ್ರೆ ಕೈಯಲ್ಲಿ ತಿರುಗಿಸಿದ ಡೇಟು ಅಷ್ಟೆ, ತದಿಗೆ ಅಲ್ಲ.” ಅವಳ ಮುಖ ನೋಡಿ ಅವರಿಗೆ ನಿಜವಾಗಿಯೂ ಕನಿಕರವಾಯಿತು. “ಬೇರೆ ಏನ್ ಬೇಕಾದ್ರೂ ಕೇಳು. ನಾಳೆ ಸಹನಾನ ನಾನೇ ಇಸ್ಕೂಲಿಗೆ ಬಿಟ್ಟು ಬತ್ತೀನಿ. ನೀನು ನೀರೊಂದು ಕಾಯಿಸ್ಬುಡು, ಮಿಕ್ಕಿದ್ದು ನಾನು ನೋಡ್ಕೊಂತೀನಿ.”

ಅವಳು ಉಳಿದ ಪಾತ್ರೆ ತೊಳೆದಿಟ್ಟಳು. ಶಶಿಕಲಾಗೆ ಹೇಳುವುದನ್ನು ಮನಸ್ಸಿನಲ್ಲೇ ಜೋಡಿಸುತ್ತ ಮಲಗಿದಳು. ಮೇಡಂ, ನಮ್ಮ ಮನೆಯಲ್ಲಿ ದಿನವೂ ಏಪ್ರಿಲ್ ಮೂವತ್ತು. ಜೋಡಿಸಿದ ಯಾವ ಮಾತೂ ಕುರ್ಚಿಯ ಹತ್ತಿರ ಹೋಗಿ ನಿಲ್ಲಲಿಲ್ಲ.

ಸೋಮವಾರ ಎಂದಿನ ಹೊತ್ತಿಗೇ ಎಚ್ಚರವಾಯಿತು. ನಡುಮನೆಯಲ್ಲಿ ಪರದೆಯ ಬೆಳಕು ದೇವರ ಪಟಗಳ ಮೇಲೆ ನೀಲಿಯಾಗಿ ಬಿದ್ದಿತ್ತು. ಸಾಲುಗಳು ಇನ್ನೂ ಹರಿಯುತ್ತಿದ್ದವು. ಮುಕ್ಕಾಲು ಪಾಲು ಆಗಿತ್ತು. ಮೂಲೆಯಲ್ಲಿ ಮೇ ಒಂದು ಎಂದಿತ್ತು. ದಿನಾ ಬೆಳಿಗ್ಗೆ ಸ್ವಿಚ್ಚು ಹಾಕಿದಾಗ ಸ್ವಲ್ಪ ಹೊತ್ತು ಹೀಗೆಯೇ ಕಾಣಿಸುತ್ತದೆ, ಬೆಳಕಾಗುವುದರೊಳಗೆ ಅಳಿಸಿಹೋಗುತ್ತದೆ. ಆ ಕಂಪ್ಯೂಟರಿಗೆ ಮೇ ಒಂದು ಎಂದರೆ ಕತ್ತಲೆ ಮಾತ್ರ.

ಹಿತ್ತಲ ಬಾಗಿಲು ತೆಗೆದಳು. ಹೊಸೂರಿನ ಚಳಿ ಮುಖಕ್ಕೆ ರಾಚಿತು. ಹಂಡೆಗೆ ನೀರು ತುಂಬಿದಳು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಿಂದ ಮೊಳೆ ಕಿತ್ತಳು. ಹಲಗೆಗಳನ್ನು ಒಲೆಗೆ ಜೋಡಿಸಿ, ತೆಂಗಿನ ನಾರು ತುರುಕಿ, ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು. ಕಡ್ಡಿ ಗೀರುವ ಮುಂಚೆ ಅವಳ ಕೈ ನಿಂತಿತು.

ನೀರು ಕಾಯದಿದ್ದರೆ ಮಾವನ ಸ್ನಾನವಿಲ್ಲ. ಸ್ನಾನವಿಲ್ಲದೆ ಅವರು ಮಿಷನ್ನು ಮುಟ್ಟುವುದಿಲ್ಲ. ಮುಟ್ಟದಿದ್ದರೆ ತದಿಗೆಯಿಲ್ಲ.

ಇದು ಎಷ್ಟು ಸರಳವಾಗಿತ್ತೆಂದರೆ ಅವಳು ಮತ್ತೊಮ್ಮೆ ಮೊದಲಿನಿಂದ ಯೋಚಿಸಿದಳು. ತದಿಗೆಗೆ ಸ್ನಾನ ಬೇಕು, ಸ್ನಾನಕ್ಕೆ ಬಿಸಿನೀರು ಬೇಕು, ಬಿಸಿನೀರಿಗೆ ಬೆಂಕಿ ಬೇಕು. ಬೆಂಕಿಗೆ ಅವಳು ಬೇಕು. ಆಷಾಢದಿಂದ ಇಲ್ಲಿಯವರೆಗೆ ದಿನವೂ ಅಕ್ಷಯ ತದಿಗೆಯನ್ನು ಹೊತ್ತಿಸುತ್ತ ಬಂದದ್ದು ಅವಳೇ. ಇಷ್ಟು ದಿನ ಅವಳು ಸೌದೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಿದ್ದುದರಿಂದ ಅದು ಕಂಡಿರಲಿಲ್ಲ.

ಸುಲಭದ ದಾರಿಯೂ ಹೊಳೆಯಿತು. ಹಲಗೆಗಳ ಮೇಲೆ ಒಂದು ಚೊಂಬು ನೀರು ಸುರಿದರೆ ಸಾಕು. ಸೌದೆ ಹಸಿ ಮಾವ, ಹತ್ತಿಕೊಳ್ಳಲೇ ಇಲ್ಲ, ಎಷ್ಟು ಊದಿದೆ ನೋಡಿ. ಕಣ್ಣು ಕೆಂಪಗೆ ಮಾಡಿಕೊಂಡು ಎದುರು ನಿಂತರೆ ಅವರೇ ಸಮಾಧಾನ ಹೇಳುತ್ತಾರೆ, ಅತ್ತೆ ರಾಜೇಶನನ್ನು ಬೈಯುತ್ತಾಳೆ, ಒಂದು ದಿನದ ತದಿಗೆ ದೇವರ ಇಚ್ಛೆಯಿಂದ ತಪ್ಪುತ್ತದೆ, ನಾಳೆಯಿಂದ ಮತ್ತೆ ಶುರು. ಚೊಂಬು ಕೈಗೆಟುಕುವಲ್ಲೇ ಇತ್ತು. ಅವಳ ತಾಯಿ, ಅತ್ತೆ, ನಾದಿನಿ ಎಲ್ಲರೂ ಅಂಥ ಚೊಂಬುಗಳಿಂದಲೇ ಬದುಕಿದವರು.

ಒಳಗೆ ಮಾವನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಕೆಮ್ಮು ಕೇಳಿಸಿತು. ಟವೆಲಿಗಾಗಿ ಕೈ ತಡಕಾಡುವ ಸದ್ದು.

ಉಷಾರಾಣಿ ಚೊಂಬನ್ನು ಬೋರಲು ಹಾಕಿದಳು. ಒಣಗಿದ ಹಲಗೆಗಳು ಒಲೆಯಲ್ಲಿ ಜೋಡಿಸಿಟ್ಟಂತೆಯೇ ಇದ್ದವು, ಯಾರು ಬೇಕಾದರೂ ಒಂದು ಕಡ್ಡಿ ಗೀರಿದರೆ ಹತ್ತಿಕೊಳ್ಳುವಂತೆ. ಬೆಂಕಿಪೊಟ್ಟಣವನ್ನು ಹಿಡಿದು ನಡುಮನೆಗೆ ಬಂದು, ಅದನ್ನು ಕಂಪ್ಯೂಟರಿನ ಮೇಜಿನ ಮೇಲೆ, ಮೌಸಿನ ಪಕ್ಕದಲ್ಲಿ, ಕೂತವರಿಗೆ ಮೊದಲು ಕಾಣುವ ಜಾಗದಲ್ಲಿ ಇಟ್ಟಳು. ಹಾಲಿನ ಪ್ಯಾಕೆಟ್ಟು ಬಾಗಿಲಲ್ಲಿ ಬಿದ್ದ ಸದ್ದಾಯಿತು. ಬೆಕ್ಕಿಗೂ ಕೇಳಿಸಿರಬೇಕು.

ಕಿಟಕಿಯ ಆಚೆ ಮೂಡಲು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಮೂಲೆಯಲ್ಲಿ ಮೇ ಒಂದು ಹಾಗೆಯೇ ಇದೆ ಎಂದು ಒಮ್ಮೆ ನೋಡಿಕೊಂಡಳು. ರಾಜೇಶನ ಕಾರ್ಖಾನೆಗೆ ಮೇ ಒಂದರಂದು ಕಾರ್ಮಿಕರ ದಿನದ ರಜೆ ಇರುತ್ತದೆ, ಗೇಟಿನಲ್ಲಿ ಬಾವುಟ ಹಾರಿಸಿ ಲಾಡು ಹಂಚುತ್ತಾರೆ. ಸಾಲುಗಳು ಹರಿಯುತ್ತಲೇ ಇದ್ದವು.

ಅವಳು ಕುರ್ಚಿ ಎಳೆದುಕೊಂಡು ಕೂತಳು.